ಭೂಲೋಕಮಲ್ಲ ಸೋಮೇಶ್ವರ

ಬೀದರ್ ಜಿಲ್ಲೆಯ ಬಸವಕಲ್ಯಾಣದ ಹೆಸರನ್ನು ಕೇಳಿದೊಡನೆ ನಮ್ಮ ಮನಸ್ಸು ಶಿವಶರಣರ ಕಾಲಕ್ಕೆ ಹರಿಯುತ್ತದೆ. ಬಸವಣ್ಣನವರು ಅಲ್ಲಿಗೆ ಬರುವುದಕ್ಕೆ ಮೊದಲೇ ಆ ಊರು ಕಲ್ಯಾಣವೆಂಬ ಹೆಸರಿನಿಂದ ಚಾಲುಕ್ಯ ಸಾಮ್ರಾಜ್ಯದ ರಾಜಧಾನಿಯಾಗಿ ಮೆರೆದಿತ್ತು. ಆ ಸಿಂಹಾಸನವನ್ನೇರಿದ ಅರಸರಲ್ಲಿ ಹಲವರು ಕತ್ತಿಯ ಬಲದಿಂದ ಹೆಸರಾದರು. ಒಬ್ಬನು ಮಾತ್ರ ತಾನು ಬರೆದ ಗ್ರಂಥದಿಂದ ಹೆಸರಾದನು. ಆತನೇ ಮೂರನೆಯ ಸೋಮೇಶ್ವರ. ಭೂಲೋಕಮಲ್ಲ ಎಂಬುದು ಆತನ ಬಿರುದು. ಆತನ ಪಾಂಡಿತ್ಯವನ್ನು ಮೆಚ್ಚಿದವರು ಸರ್ವಜ್ಞ ಚಕ್ರವರ್ತಿಯೆಂದೂ ಕರೆದರು. ತ್ರಿಪದಿಗಳನ್ನು ಹಾಡಿದ ಸರ್ವಜ್ಞ ಕವಿಯೇ ಬೇರೆ, ಈ ದೊರೆಯೇ ಬೇರೆ; ದೊರೆಯು ತೀರಿಕೊಂಡ ಎಷ್ಟೋ ಶತಮಾನಗಳ ಮೇಲೆ ಆ ಕವಿಯು ಹುಟ್ಟಿದನು.

ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನು ಚಾಲುಕ್ಯ ಮನೆತನದ ಅತಿ ದೊಡ್ಡ ಅರಸು. ಆತನು ಕ್ರಿ.ಶ. 1076ರಲ್ಲಿ ಪಟ್ಟಕ್ಕೆ ಬಂದು, ತನ್ನ ಹೆಸರಿನಲ್ಲಿ ಒಂದು ಹೊಸ ಶಕೆಯನ್ನೇ ಆರಂಭಿಸಿ, ಐವತ್ತು ವರ್ಷಗಳ ಕಾಲ ರಾಜ್ಯವಾಳಿದನು. ದೂರದ ಕಾಶ್ಮೀರದಿಂದ ಬಂದ ಬಿಲ್ಹಣ ಕವಿಯು ಆತನ ಆಸ್ಥಾನದಲ್ಲಿದ್ದುಕೊಂಡು ವಿಕ್ರಮಾಂಕದೇವಚರಿತವೆಂಬ ಕಾವ್ಯವನ್ನು ರಚಿಸಿದನು. ವಿಜ್ಞಾನೇಶ್ವರನು ಮಿತಾಕ್ಷರವೆಂಬ ನ್ಯಾಯಗ್ರಂಥವನ್ನು ಬರೆದದ್ದೂ ಆ ಕಾಲದಲ್ಲಿಯೇ. ಈಗಿನ ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ ಮಹಾದೇವನೆಂಬ ದಂಡನಾಯಕನು 1112ರಲ್ಲಿ ಕಟ್ಟಿಸಿದ ದೇವಾಲಯವು ಆ ಕಾಲದ ಶಿಲ್ಪಿಗಳ ಕೈಚಳಕಕ್ಕೆ ಇಂದಿಗೂ ಸಾಕ್ಷಿಯಾಗಿ ನಿಂತಿದೆ. ಇಂತಹ ಕವಿಗಳ, ಪಂಡಿತರ, ಕುಶಲಕರ್ಮಿಗಳ ನಡುವೆ ಸೋಮೇಶ್ವರನು ಬೆಳೆದನು.

1126ರಲ್ಲಿ ವಿಕ್ರಮಾದಿತ್ಯನು ತೀರಿಕೊಂಡನು, ಸೋಮೇಶ್ವರನು ಸಿಂಹಾಸನವನ್ನೇರಿದನು. ತಂದೆಯಿಂದ ಆತನಿಗೆ ವಿಶಾಲವಾದ ರಾಜ್ಯವೂ ಬಂದಿತು, ಆ ರಾಜ್ಯದ ಅಂಚುಗಳಲ್ಲಿ ಹೊಗೆಯಾಡುತ್ತಿದ್ದ ಕಲಹಗಳೂ ಬಂದವು. ದಕ್ಷಿಣದಲ್ಲಿ ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಮಾತ್ರ ಸಾಮಂತನಾಗಿದ್ದನು. ವಿಕ್ರಮಾದಿತ್ಯನು ಬದುಕಿದ್ದಾಗಲೇ ಚಾಲುಕ್ಯರ ಸೈನ್ಯವನ್ನು ಎದುರಿಸಿದ್ದ ಆತನು ಈಗ ಮತ್ತಷ್ಟು ಧೈರ್ಯಗೊಂಡು ಉತ್ತರಕ್ಕೆ ಕೈಚಾಚತೊಡಗಿದನು. ಪೂರ್ವದಲ್ಲಿ ವೆಂಗಿಯ ನಾಡು ಚೋಳರ ಪಾಲಾಯಿತು. ಹನ್ನೆರಡು ವರ್ಷಗಳ ಸೋಮೇಶ್ವರನ ಆಳ್ವಿಕೆಯಲ್ಲಿ ಹೇಳಿಕೊಳ್ಳುವಂತಹ ದಿಗ್ವಿಜಯ ಯಾವುದೂ ಇಲ್ಲ. ಈ ಕಾರಣದಿಂದ ಕೆಲವು ಇತಿಹಾಸಕಾರರು ಆತನನ್ನು ದುರ್ಬಲನಾದ ಅರಸನೆಂದು ಎಣಿಸಿದ್ದಾರೆ. ರಾಜ್ಯದ ಎಲ್ಲೆಗಳನ್ನಷ್ಟೇ ಅಳೆಯುವುದಾದರೆ ಆ ಮಾತು ಸುಳ್ಳೆನ್ನಲಾಗದು. ಆದರೆ ಆ ಹನ್ನೆರಡು ವರ್ಷಗಳಲ್ಲಿ ಆತನು ಮಾಡಿದ ಇನ್ನೊಂದು ಕೆಲಸವಿದೆ.

ಸೋಮೇಶ್ವರನು ತಂದೆಯ ಚರಿತ್ರೆಯನ್ನು ವಿಕ್ರಮಾಂಕಾಭ್ಯುದಯವೆಂಬ ಹೆಸರಿನಲ್ಲಿ ಸಂಸ್ಕೃತದಲ್ಲಿ ಬರೆಯತೊಡಗಿದನು. ಅದು ಪೂರ್ಣವಾಗಿ ನಮಗೆ ದೊರೆತಿಲ್ಲ. ಆತನ ಹೆಸರನ್ನು ಉಳಿಸಿದ ಗ್ರಂಥವು ಬೇರೆಯದು. ಅದಕ್ಕೆ ಮಾನಸೋಲ್ಲಾಸವೆಂದೂ ಅಭಿಲಷಿತಾರ್ಥಚಿಂತಾಮಣಿಯೆಂದೂ ಎರಡು ಹೆಸರುಗಳು. ಅದು ಕ್ರಿ.ಶ. 1129ರ ಸುಮಾರಿಗೆ ರಚಿತವಾಯಿತೆಂದು ಗ್ರಂಥದೊಳಗಿನ ಜ್ಯೋತಿಷದ ಲೆಕ್ಕದಿಂದ ತಿಳಿದುಬರುತ್ತದೆ. ಅದರಲ್ಲಿ ಐದು ಭಾಗಗಳು; ಒಂದೊಂದು ಭಾಗಕ್ಕೂ ಇಪ್ಪತ್ತು ಅಧ್ಯಾಯಗಳು; ಒಟ್ಟು ನೂರು ಅಧ್ಯಾಯಗಳು. ರಾಜ್ಯವನ್ನು ಪಡೆಯುವುದು ಹೇಗೆ, ಪಡೆದುದನ್ನು ಉಳಿಸಿಕೊಳ್ಳುವುದು ಹೇಗೆ ಎಂಬಲ್ಲಿಂದ ಆರಂಭವಾಗಿ, ಅರಸನ ಊಟ ಉಡುಗೆಗಳು, ವಿನೋದಗಳು, ಆಟಗಳು ಇವುಗಳವರೆಗೆ ಅದು ಹರಡಿಕೊಂಡಿದೆ.

ದೊರೆಯೊಬ್ಬನು ಇಷ್ಟೊಂದು ಸಣ್ಣ ಸಂಗತಿಗಳ ಕಡೆಗೆ ಕಣ್ಣು ಹಾಯಿಸಿದ್ದು ಆಶ್ಚರ್ಯದ ವಿಷಯವೇ. ಆನೆಯನ್ನು ಹಿಡಿದು ಪಳಗಿಸುವ ಕ್ರಮ, ಕುದುರೆಯ ಲಕ್ಷಣ, ಜಟ್ಟಿಗಳನ್ನು ಸಾಕುವ ಬಗೆ, ಮೀನಿಗೆ ಗಾಳ ಹಾಕುವ ಉಪಾಯ, ಸುಗಂಧದ್ರವ್ಯಗಳ ಮಿಶ್ರಣ, ಚಿತ್ರ ಬರೆಯುವ ಗೋಡೆಯನ್ನು ಹದಗೊಳಿಸುವ ರೀತಿ ಎಲ್ಲವೂ ಅಲ್ಲಿವೆ. ಸಂಗೀತದ ಭಾಗದಲ್ಲಿ ನಮ್ಮ ತ್ರಿಪದಿ, ಷಟ್ಪದಿಗಳ ಮಾತೂ ಬರುತ್ತದೆ. ಅಡುಗೆಯ ಭಾಗದಲ್ಲಿ ಇಡ್ಡರಿಕಾ, ದೋಸಕ ಎಂಬ ತಿಂಡಿಗಳ ಹೆಸರುಗಳಿವೆ. ಇಂದು ಬೆಳಗಿನ ಹೊತ್ತು ನಮ್ಮ ಮನೆಗಳಲ್ಲಿ ಕಾಣುವ ಇಡ್ಲಿ ದೋಸೆಗಳ ಹಿರಿಯರು ಅವು. ಎಲ್ಲ ವಿಷಯಗಳಲ್ಲಿಯೂ ದೊರೆಗೆ ಒಂದೇ ಬಗೆಯ ತಿಳಿವಳಿಕೆ ಇತ್ತೆನ್ನುವಂತಿಲ್ಲ. ಕೆಲವು ಅಧ್ಯಾಯಗಳು ಹಿಂದಿನ ಗ್ರಂಥಗಳ ಮಾತನ್ನೇ ತಿರುಗಿ ಹೇಳುವಂತಿವೆ. ಮತ್ತೆ ಕೆಲವನ್ನು ಓದುವಾಗ, ಬರೆದವನು ಹತ್ತಿರ ನಿಂತು ನೋಡಿದ್ದನೆಂದೇ ತೋರುತ್ತದೆ. ಲೋಹದ ವಿಗ್ರಹಗಳನ್ನು ಎರಕ ಹೊಯ್ಯುವ ಕ್ರಮವನ್ನು ಹೇಳುವ ಶ್ಲೋಕಗಳು ಈ ಎರಡನೆಯ ಬಗೆಗೆ ಸೇರಿದವು. ಅವು ಇಪ್ಪತ್ತರ ಆಸುಪಾಸಿನಲ್ಲಿವೆ, ಅಷ್ಟೆ. ಗ್ರಂಥದ ಮೊದಲ ಭಾಗದಲ್ಲಿ, ದೇವತಾಭಕ್ತಿಯ ಪ್ರಸಂಗದಲ್ಲಿ ಬರುತ್ತವೆ.

ದೇವಾಲಯದ ಗರ್ಭಗುಡಿಯಲ್ಲಿ ನೆಲೆನಿಂತ ಕಲ್ಲಿನ ಮೂರ್ತಿಯನ್ನು ಕದಲಿಸುವಂತಿಲ್ಲ. ಹಬ್ಬದ ದಿನ ಬೀದಿಯಲ್ಲಿ ಮೆರವಣಿಗೆ ಹೊರಡುವುದು ಲೋಹದ ಉತ್ಸವಮೂರ್ತಿ. ಕಲ್ಲನ್ನು ಉಳಿಯಿಂದ ಕಡೆಯಬಹುದು. ಕಂಚನ್ನು, ತಾಮ್ರವನ್ನು ಹಾಗೆ ಕಡೆದು ಮೂರ್ತಿ ಮಾಡುವುದು ಸಾಧ್ಯವಿಲ್ಲ. ಅದಕ್ಕಾಗಿ ಕಂಚುಗಾರರು ಬಹು ಪ್ರಾಚೀನ ಕಾಲದಲ್ಲಿಯೇ ಒಂದು ಜಾಣತನದ ಹಾದಿಯನ್ನು ಕಂಡುಕೊಂಡಿದ್ದರು. ಬೇಕಾದ ಮೂರ್ತಿಯನ್ನು ಮೊದಲು ಜೇನುಮೇಣದಲ್ಲಿ ಮಾಡಬೇಕು. ಅದರ ಸುತ್ತ ಮಣ್ಣನ್ನು ಮೆತ್ತಬೇಕು. ಬೆಂಕಿಯಲ್ಲಿ ಕಾಯಿಸಿದರೆ ಮೇಣವು ಕರಗಿ ಹರಿದುಹೋಗುತ್ತದೆ, ಮಣ್ಣು ಗಟ್ಟಿಯಾಗಿ ಅಚ್ಚಾಗುತ್ತದೆ. ಮೇಣವಿದ್ದ ಬರಿದಾದ ಎಡೆಗೆ ಕಾದ ಲೋಹವನ್ನು ಹೊಯ್ಯಬೇಕು. ಶಾಸ್ತ್ರಗಳು ಇದನ್ನು ಮಧೂಚ್ಛಿಷ್ಟ ವಿಧಾನವೆಂದು ಕರೆಯುತ್ತವೆ. ಮಧೂಚ್ಛಿಷ್ಟವೆಂದರೆ ಜೇನನ್ನು ತೆಗೆದ ಮೇಲೆ ಉಳಿಯುವ ಮೇಣ. ಸಿಂಧೂ ಕಣಿವೆಯ ಮೊಹೆಂಜೊದಾರೊದಲ್ಲಿ ದೊರೆತ, ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ನರ್ತಕಿಯ ಪುಟ್ಟ ಪ್ರತಿಮೆಯೂ ಇದೇ ರೀತಿಯಲ್ಲಿ ಎರಕವಾದುದು.

ಸೋಮೇಶ್ವರನು ಇದನ್ನು ಹೊಸದಾಗಿ ಕಂಡುಹಿಡಿಯಲಿಲ್ಲ. ತಂದೆಯಿಂದ ಮಗನಿಗೆ, ಗುರುವಿನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಮಾತ್ರ ಸಾಗಿಬರುತ್ತಿದ್ದ ಆ ವಿದ್ಯೆಯನ್ನು ಆತನು ಕ್ರಮವಾಗಿ ಬರಹಕ್ಕೆ ಇಳಿಸಿದನು. ಆತನು ಹೇಳುವ ಕ್ರಮವನ್ನು ಇಲ್ಲಿ ಸ್ವಲ್ಪ ವಿವರವಾಗಿಯೇ ನೋಡಬಹುದು.

ಮೇಣದ ಮೂರ್ತಿಯು ನವತಾಲದ ಅಳತೆಯಲ್ಲಿರಬೇಕು. ಮುಖದ ಉದ್ದವು ಒಂದು ತಾಲ. ಅದು ಹನ್ನೆರಡು ಅಂಗುಲಗಳಿಗೆ ಸಮ. ಅಂತಹ ಒಂಬತ್ತು ಮುಖಗಳಷ್ಟು, ಎಂದರೆ 108 ಅಂಗುಲಗಳಷ್ಟು ಮೂರ್ತಿಯ ಎತ್ತರ. ಇಲ್ಲಿ ಅಂಗುಲವೆಂಬುದು ಮೂರ್ತಿಗೆ ತಕ್ಕಂತೆ ಹಿಗ್ಗುವ ಕುಗ್ಗುವ ಮಾನ. ಆದುದರಿಂದ ಗೇಣುದ್ದದ ಮೂರ್ತಿಗೂ ಆಳೆತ್ತರದ ಮೂರ್ತಿಗೂ ಅದೇ ಲೆಕ್ಕ ಸಲ್ಲುತ್ತದೆ. ಮೂರ್ತಿಯು ಸಿದ್ಧವಾದ ಮೇಲೆ ಅದರ ಬೆನ್ನಿಗೆ, ಹೆಗಲಿಗೆ, ಕೊರಳಿಗೆ ಅಥವಾ ಕಿರೀಟಕ್ಕೆ ಸಣ್ಣ ನಾಳಗಳನ್ನು ಜೋಡಿಸಬೇಕು. ಮುಂದೆ ಲೋಹವು ಒಳಗಿಳಿಯುವುದು ಇಂತಹ ನಾಳದಿಂದಲೇ. ಒಳಗಿನ ಗಾಳಿಯು ಹೊರಕ್ಕೆ ಹೋಗುವುದಕ್ಕೂ ದಾರಿ ಬೇಕು. ಗಾಳಿಗೆ ದಾರಿಯಿಲ್ಲದಿದ್ದರೆ ಅದು ಮೂಲೆಯಲ್ಲಿ ಸಿಕ್ಕಿಕೊಳ್ಳುತ್ತದೆ; ಆ ಎಡೆಗೆ ಲೋಹವು ತಲಪದೆ ಮೂರ್ತಿಯ ಬೆರಳೋ ಮೂಗೋ ಇಲ್ಲವಾಗುತ್ತದೆ.

ಇನ್ನು ಮಣ್ಣಿನ ಕೆಲಸ. ಸಾಮಾನ್ಯವಾದ ಮಣ್ಣು ಇದಕ್ಕೆ ಆಗದು. ಶುದ್ಧವಾದ ಮಣ್ಣಿಗೆ ಸುಟ್ಟ ಹೊಟ್ಟಿನ ನಯವಾದ ಪುಡಿ, ನೂರು ಬಾರಿ ಕತ್ತರಿಸಿದ ಹತ್ತಿ, ಸ್ವಲ್ಪ ಉಪ್ಪಿನ ಪುಡಿ ಇವನ್ನು ಸೇರಿಸಿ, ನುಣುಪಾದ ಕಲ್ಲಿನ ಮೇಲೆ ಚೆನ್ನಾಗಿ ಅರೆಯಬೇಕು. ಸುಟ್ಟ ಹೊಟ್ಟು ಮಣ್ಣಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳನ್ನು ಉಳಿಸಿ, ಆವಿ ಹೊರಬೀಳಲು ಅನುಕೂಲ ಮಾಡುತ್ತದೆ. ಹತ್ತಿಯ ಎಳೆಗಳು ಮಣ್ಣನ್ನು ಹಿಡಿದಿಟ್ಟುಕೊಂಡು ಬಿರುಕು ಬಾರದಂತೆ ಕಾಯುತ್ತವೆ. ಈ ಕಾರಣಗಳನ್ನು ದೊರೆಯು ವಿವರಿಸುವುದಿಲ್ಲ. ವಸ್ತುಗಳನ್ನು ಮಾತ್ರ ಹೇಳಿ ಮುಂದೆ ಸಾಗುತ್ತಾನೆ. ಆ ಮಣ್ಣನ್ನು ಮೂರು ಬಾರಿ ಬಳಿಯಬೇಕು. ಮೊದಲ ಲೇಪವು ಬಹಳ ತೆಳುವಾಗಿದ್ದು ನೆರಳಿನಲ್ಲಿ ಒಣಗಬೇಕು. ಕಣ್ಣಿನ ರೆಪ್ಪೆ, ಒಡವೆಯ ಮಣಿ ಮುಂತಾದ ಸೂಕ್ಷ್ಮಗಳೆಲ್ಲ ಅಚ್ಚಿನಲ್ಲಿ ಮೂಡುವುದು ಈ ಲೇಪದಿಂದಲೇ. ಬಿಸಿಲಿಗಿಟ್ಟರೆ ಒಳಗಿನ ಮೇಣವು ಮೆತ್ತಗಾಗಿ ಆಕಾರ ಕೆಡುತ್ತದೆ. ಎರಡು ದಿನ ಕಳೆದ ಮೇಲೆ ಎರಡನೆಯ ಲೇಪ. ಅದೂ ಒಣಗಿದ ಮೇಲೆ ಮೂರನೆಯದು, ದಪ್ಪನಾದುದು. ನಾಳಗಳ ಬಾಯಿಯನ್ನು ಮಾತ್ರ ಮುಚ್ಚಬಾರದು.

ಎಷ್ಟು ಲೋಹ ಬೇಕಾದೀತು? ಇದು ಅಂದಾಜಿನ ಮೇಲೆ ಬಿಡುವ ಮಾತಲ್ಲ. ಲೋಹವು ನಡುವೆ ಮುಗಿದುಹೋದರೆ ಮೂರ್ತಿಯು ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕಾಗಿ ಮಣ್ಣು ಬಳಿಯುವುದಕ್ಕೆ ಮೊದಲೇ ಮೇಣದ ಮೂರ್ತಿಯನ್ನು ತೂಗಬೇಕು. ಹಿತ್ತಾಳೆಗೂ ತಾಮ್ರಕ್ಕೂ ಒಂದು ಪ್ರಮಾಣ. ಬೆಳ್ಳಿಯಾದರೆ ಮೇಣದ ಹನ್ನೆರಡರಷ್ಟು, ಚಿನ್ನವಾದರೆ ಹದಿನಾರರಷ್ಟು ತೂಕವಿರಬೇಕೆಂದು ಸೋಮೇಶ್ವರನು ಹೇಳುತ್ತಾನೆ. ಮೇಣವು ನೀರಿಗಿಂತ ತುಸು ಹಗುರ. ಬೆಳ್ಳಿಯು ನೀರಿನ ಹತ್ತೂವರೆಯಷ್ಟು ಭಾರ. ಆದುದರಿಂದ ಬೆಳ್ಳಿಗೆ ಹೇಳಿದ ಪ್ರಮಾಣವು ಮೂರ್ತಿಗೂ ಸಾಕಾಗಿ ನಾಳಕ್ಕೂ ಸ್ವಲ್ಪ ಉಳಿಯುತ್ತದೆ. ಅಪ್ಪಟ ಚಿನ್ನಕ್ಕೆ ಮಾತ್ರ ಹದಿನಾರು ಕಡಮೆಯೆನ್ನಬೇಕು. ಇಂದಿನ ಲೆಕ್ಕದಂತೆ ಇಪ್ಪತ್ತಾದರೂ ಬೇಕು. ಕಂಚಿನ ಹೆಸರು ಈ ಪಟ್ಟಿಯಲ್ಲಿ ಇಲ್ಲದಿದ್ದರೂ ತಾಮ್ರಕ್ಕೆ ತವರ ಬೆರೆತ ಆ ಲೋಹಕ್ಕೂ ಕೆಲಸದ ಕ್ರಮ ಇದೇ.

ಲೋಹವನ್ನು ತೆಂಗಿನಕಾಯಿಯ ಆಕಾರದ ಮಣ್ಣಿನ ಮೂಸೆಯೊಳಗೆ ಮುಚ್ಚಿ ಒಣಗಿಸಬೇಕು. ಅಚ್ಚನ್ನು ಬೆಂಕಿಯಲ್ಲಿ ಕಾಯಿಸಿ ಮೇಣವನ್ನು ಕರಗಿಸಿ ತೆಗೆಯಬೇಕು. ಆಮೇಲೆ ಮೂಸೆಯನ್ನು ಕೆಂಡದಲ್ಲಿಡಬೇಕು. ಯಾವ ಲೋಹಕ್ಕೆ ಕೆಂಡವು ಯಾವ ಹದದಲ್ಲಿರಬೇಕೆಂಬುದನ್ನೂ ದೊರೆಯು ಮರೆತಿಲ್ಲ. ಮೇಣವು ಕರಗಲು 65 ಡಿಗ್ರಿ ಸೆಲ್ಸಿಯಸ್ ಶಾಖ ಸಾಕು; ತಾಮ್ರವು ಕರಗಲು 1085 ಡಿಗ್ರಿ ಬೇಕು. ಉಷ್ಣಮಾಪಕವಿಲ್ಲದ ಆ ಕಾಲದಲ್ಲಿ ಕಂಚುಗಾರನು ಕೆಂಡದ ಬಣ್ಣವನ್ನು ನೋಡಿಯೇ ಈ ಹದವನ್ನು ಅರಿಯುತ್ತಿದ್ದನು. ಲೋಹವು ಕರಗಿತೆಂದು ತಿಳಿದೊಡನೆ ಕಬ್ಬಿಣದ ಸಲಾಕೆಯಿಂದ ಮೂಸೆಯ ನೆತ್ತಿಗೆ ತೂತು ಮಾಡಿ, ಅದನ್ನು ಇಕ್ಕುಳದಿಂದ ಬಿಗಿಯಾಗಿ ಹಿಡಿದು ಹೊರತೆಗೆಯಬೇಕು. ಅಚ್ಚೂ ಬಿಸಿಯಾಗಿರಬೇಕು, ತಣ್ಣಗಿದ್ದರೆ ಲೋಹವು ದಾರಿಯಲ್ಲಿಯೇ ಹೆಪ್ಪುಗಟ್ಟುತ್ತದೆ, ತೇವವಿದ್ದರೆ ಆವಿಯ ರಭಸಕ್ಕೆ ಅಚ್ಚು ಸಿಡಿದು ಕೆಲಸಗಾರನ ಮೈ ಸುಡುತ್ತದೆ. ನಾಳದ ಬಾಯಿಯಲ್ಲಿ ಉರಿಯುವ ಬತ್ತಿಯನ್ನಿಟ್ಟು, ಕರಗಿದ ಲೋಹವನ್ನು ಧಾರೆ ಕಡಿಯದಂತೆ ಹೊಯ್ಯಬೇಕು. ನಾಳದ ಬಾಯಿಯವರೆಗೆ ತುಂಬಿದಾಗ ನಿಲ್ಲಿಸಬೇಕು.

ಅನೇಕ ದಿನಗಳ ದುಡಿಮೆಯ ಫಲವು ಆ ಕೆಲವು ಕ್ಷಣಗಳಲ್ಲಿ ನಿರ್ಣಯವಾಗುತ್ತದೆ. ಕೈ ಒಂದಿಷ್ಟು ನಡುಗಿ ಧಾರೆಯು ತುಂಡಾದರೆ ಮೂರ್ತಿಯಲ್ಲಿ ಸೀಳು ಬೀಳುತ್ತದೆ. ಆಗ ಮತ್ತೆ ಹೊಯ್ಯೋಣವೆಂದರೆ ಮೇಣದ ಮೂರ್ತಿಯು ಉಳಿದಿಲ್ಲ. ಅದು ಆಗಲೇ ಕರಗಿಹೋಗಿದೆ. ಅಚ್ಚನ್ನು ಒಡೆಯದೆ ಒಳಗಿನದನ್ನು ನೋಡುವಂತಿಲ್ಲ. ಒಡೆದ ಮೇಲೆ ಅಚ್ಚೂ ಇಲ್ಲ. ಆದುದರಿಂದಲೇ ಒಂದು ಅಚ್ಚಿನಿಂದ ಒಂದೇ ಮೂರ್ತಿ. ಸುತ್ತಣ ಬೆಂಕಿಯನ್ನು ಆರಿಸಿ, ಅಚ್ಚು ತಾನಾಗಿಯೇ ತಣಿಯುವವರೆಗೆ ಕಾಯಬೇಕೆಂದೂ, ಬಳಿಕ ಬಲ್ಲವನು ಮೆಲ್ಲಮೆಲ್ಲನೆ ಮಣ್ಣನ್ನು ಒಡೆಯಬೇಕೆಂದೂ ಸೋಮೇಶ್ವರನು ಎಚ್ಚರಿಸುತ್ತಾನೆ. ಮೇಣದಲ್ಲಿ ಹೇಗಿತ್ತೋ ಹಾಗೆಯೇ, ಅವೇ ಅಂಗಾಂಗಗಳಿಂದ ಕೂಡಿದ ಲೋಹದ ಮೂರ್ತಿಯು ಆಗ ಹೊರಬರುತ್ತದೆ. ಹೆಚ್ಚಾಗಿ ಉಳಿದುದನ್ನು ಕೆತ್ತಿ, ನಾಳಗಳನ್ನು ಕತ್ತರಿಸಿ, ಮೂರ್ತಿಯನ್ನು ನಯಗೊಳಿಸುವುದು ಕೊನೆಯ ಕೆಲಸ.

ಬಹುತೇಕ ಇದೇ ಕಾಲದಲ್ಲಿ, ಎಂದರೆ 12ನೆಯ ಶತಮಾನದ ಮೊದಲ ಭಾಗದಲ್ಲಿ, ದೂರದ ಜರ್ಮನಿಯಲ್ಲಿ ತಿಯೋಫಿಲಸ್ ಎಂಬ ಹೆಸರಿನಿಂದ ಬರೆದ ಕ್ರೈಸ್ತ ಸಂನ್ಯಾಸಿಯೊಬ್ಬನು ಲ್ಯಾಟಿನ್ ಭಾಷೆಯ ತನ್ನ ಗ್ರಂಥದಲ್ಲಿ, ಚರ್ಚಿನ ಧೂಪಪಾತ್ರೆಯನ್ನು ಮೇಣದಿಂದ ಎರಕ ಹೊಯ್ಯುವ ಕ್ರಮವನ್ನು ವಿವರಿಸುತ್ತಿದ್ದನು. ಆ ಸಂನ್ಯಾಸಿಯು ತಾನೇ ಕುಲುಮೆಯ ಮುಂದೆ ಕುಳಿತು ದುಡಿದವನೆಂದು ಅವನ ಬರಹದಿಂದ ತೋರುತ್ತದೆ. ಕಲ್ಯಾಣದ ದೊರೆಯು ಸಿಂಹಾಸನದಿಂದ ಇಳಿದು ಬಂದು ನೋಡಿ ಬರೆದವನು. ಒಬ್ಬರ ವಿಷಯ ಒಬ್ಬರಿಗೆ ತಿಳಿದಿರಲು ಸಾಧ್ಯವೇ ಇರಲಿಲ್ಲ.

ಒಂದು ಕೊರತೆಯನ್ನು ಇಲ್ಲಿ ಹೇಳದೆ ಇರುವಂತಿಲ್ಲ. ಸೋಮೇಶ್ವರನ ಎದುರಾಳಿ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಿಸಿದನು. ಅಲ್ಲಿ ದುಡಿದ ಬಳ್ಳಿಗಾವೆಯ ದಾಸೋಜ, ಆತನ ಮಗ ಚಾವಣ ಮುಂತಾದ ಶಿಲ್ಪಿಗಳು ತಮ್ಮ ಹೆಸರುಗಳನ್ನು ಕಲ್ಲಿನ ಮೇಲೆ ಕೆತ್ತಿ ಹೋಗಿದ್ದಾರೆ. ಸೋಮೇಶ್ವರನ ಶ್ಲೋಕಗಳಲ್ಲಿ ಒಬ್ಬ ಕಂಚುಗಾರನ ಹೆಸರೂ ಇಲ್ಲ. ಬಲ್ಲವನು, ಜಾಣನು ಎಂಬ ಮಾತುಗಳಿಂದಲೇ ಆತನು ಅವರನ್ನು ಸೂಚಿಸುತ್ತಾನೆ. ಹತ್ತಿಯನ್ನು ಎಷ್ಟು ಸಣ್ಣಗೆ ಕತ್ತರಿಸಬೇಕು, ಎರಡನೆಯ ಲೇಪಕ್ಕೆ ಎಷ್ಟು ದಿನ ಕಾಯಬೇಕು ಎಂಬುದನ್ನು ದೊರೆಗೆ ಕಲಿಸಿಕೊಟ್ಟವರು ಅವರೇ ಆಗಿರಬೇಕು. ಆದರೂ ಅರಮನೆಯ ಗ್ರಂಥದಲ್ಲಿ ಕುಲುಮೆಯ ಕೆಲಸಕ್ಕೆ ಇಷ್ಟಾದರೂ ಎಡೆ ದೊರೆತದ್ದು ಆ ಕಾಲದಲ್ಲಿ ಅಪರೂಪದ ಸಂಗತಿ.

1138ರಲ್ಲಿ ಸೋಮೇಶ್ವರನು ತೀರಿಕೊಂಡನು. ಆತನ ಮಗ ಇಮ್ಮಡಿ ಜಗದೇಕಮಲ್ಲನು ಪಟ್ಟಕ್ಕೆ ಬಂದನು. ಇನ್ನಿಪ್ಪತ್ತು ವರ್ಷಗಳು ಕಳೆಯುವಷ್ಟರಲ್ಲಿ ಕಲಚುರಿ ಬಿಜ್ಜಳನು ಕಲ್ಯಾಣವನ್ನು ವಶಮಾಡಿಕೊಂಡನು. ಶತಮಾನವು ಮುಗಿಯುವ ಹೊತ್ತಿಗೆ ಚಾಲುಕ್ಯರ ರಾಜ್ಯವು ಸೇವುಣರಿಗೂ ಹೊಯ್ಸಳರಿಗೂ ಹಂಚಿಹೋಯಿತು. ಸೋಮೇಶ್ವರನು ನೋಡಿದ ಕುಲುಮೆಗಳು ಎಲ್ಲಿದ್ದವೆಂದು ಇಂದು ತೋರಿಸುವಂತಿಲ್ಲ. ಗ್ರಂಥವು ಮಾತ್ರ ಓಲೆಗರಿಗಳ ಮೇಲೆ, ಕಾಗದದ ಮೇಲೆ ಮತ್ತೆ ಮತ್ತೆ ನಕಲಾಗುತ್ತ ಪಂಡಿತರ ಮನೆಗಳಲ್ಲಿ ಉಳಿದುಕೊಂಡಿತು.

ಮೈಸೂರಿನಲ್ಲಿ 1891ರಲ್ಲಿ ಓರಿಯಂಟಲ್ ಲೈಬ್ರರಿಯು ಸ್ಥಾಪಿತವಾಯಿತು. ನಾಡಿನಲ್ಲೆಲ್ಲ ಚದರಿಹೋಗಿದ್ದ ಹಳೆಯ ಹಸ್ತಪ್ರತಿಗಳನ್ನು ಕೂಡಿಸಿ ಕಾಪಾಡುವುದು ಅದರ ಕೆಲಸವಾಗಿತ್ತು. ಅಲ್ಲಿ ದುಡಿಯುತ್ತಿದ್ದ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಪ್ರಕಟಿಸಿ ಜಗತ್ತಿನ ವಿದ್ವಾಂಸರ ಗಮನವನ್ನು ಸೆಳೆದರು. ಅವರ ಸಂಪಾದಕತ್ವದಲ್ಲಿಯೇ 1926ರಲ್ಲಿ ಅಭಿಲಷಿತಾರ್ಥಚಿಂತಾಮಣಿಯ ಮೊದಲ ಭಾಗವು ಮೈಸೂರಿನಿಂದ ಹೊರಬಂದಿತು. ಅದಕ್ಕೆ ಒಂದು ವರ್ಷ ಮೊದಲು ಬರೋಡದಲ್ಲಿಯೂ ಅದೇ ಗ್ರಂಥವು ಮಾನಸೋಲ್ಲಾಸವೆಂಬ ಹೆಸರಿನಿಂದ ಅಚ್ಚಾಗತೊಡಗಿತ್ತು. ಎರಕದ ಶ್ಲೋಕಗಳನ್ನು ವಿದ್ವಾಂಸರು ಬಿಡಿಸಿ ಓದಿದಾಗ, ಅವುಗಳಲ್ಲಿ ಹೇಳಿದ ಕೆಲಸವು ಇನ್ನೂ ನಿಂತಿಲ್ಲವೆಂಬುದು ಕಂಡುಬಂದಿತು.

ಮಂಡ್ಯ ಜಿಲ್ಲೆಯ ನಾಗಮಂಗಲವು ಲೋಹದ ವಿಗ್ರಹಗಳಿಗೆ ಬಹುಕಾಲದಿಂದ ಹೆಸರಾದ ಊರು. ಅಲ್ಲಿಯ ಕುಶಲಕರ್ಮಿಗಳು ಸಂಸ್ಕೃತದ ಶ್ಲೋಕಗಳನ್ನು ಓದಿ ಈ ಕೆಲಸವನ್ನು ಕಲಿತವರಲ್ಲ. ಆದರೂ ಮೇಣ, ಮಣ್ಣು, ಬೆಂಕಿ, ಲೋಹ ಎಂಬ ಅದೇ ಕ್ರಮ ಅವರದು. ಮೊದಲ ಲೇಪವು ತೆಳು, ಕಡೆಯದು ದಪ್ಪ. ತಣ್ಣಗಾದ ಅಚ್ಚಿನ ಮೇಲೆ ಸುತ್ತಿಗೆಯ ಮೊದಲ ಏಟು ಬೀಳುವಾಗ, ಒಳಗಿನ ಮೂರ್ತಿಯ ಬೆರಳುಗಳೆಲ್ಲ ಮೂಡಿವೆಯೋ ಇಲ್ಲವೋ ಎಂಬುದು ಹೊಯ್ದವನಿಗೂ ಇನ್ನೂ ತಿಳಿದಿರುವುದಿಲ್ಲ.